ಓಯ್ವ ಆರಿಸಿದ ಚಾಕು
ಬೇಟೆಯ ಕಾಲ ಹತ್ತಿರವಾದರೆ ಸಾಕು, ನಮ್ಮ ಲ್ಯಾಪ್‌ಲ್ಯಾಂಡಿನ ಊರಿನ ಓಯ್ವ ಚಾಕುವಿನ ಅಂಗಡಿಯನ್ನೇ ಮನೆ ಮಾಡಿಕೊಳ್ಳುತ್ತಾನೆ. ಮಡಚುವ ಚಾಕುವನ್ನು ಮುಟ್ಟುವುದಿಲ್ಲ. ಅದರ ಕೀಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದಂತೆ. ಉಳಿದವನ್ನೆಲ್ಲ ಒರೆಯಿಂದ ಎಳೆದು, ಬರ್ಚ್ ಮರದ ಕಡ್ಡಿ ಕೆತ್ತಿ, ಅಂಗೈಯಲ್ಲಿ ತೂಗಿ, "ಭಾರ ಕಣಮ್ಮಾ" ಎಂದು ವಾಪಸಿಡುತ್ತಾನೆ. "ಇದಕ್ಕಿಂತ ಹಗುರ ಬೇಕಂದ್ರೆ ಹಕ್ಕಿ ಪುಕ್ಕ ಕೊಡ್ಬೇಕಷ್ಟೆ ಮಾರಾಯ" ಎಂದು ಅಂಗಡಿಯೊಡತಿ ಸೈಮಿ ರೇಗಿಸಿದರೂ ನಗುವುದಿಲ್ಲ. ನಮ್ಮ ತಂಡದ ಪಳಗಿದ ಬೇಟೆಗಾರ್ತಿಯಾದ ಅವನ ಹೆಂಡತಿ ಲೆಂಪಿಗೆ ಪಾರ್ಶ್ವವಾಯು ಹೊಡೆದು ಬಲಗೈ ಸ್ವಾಧೀನ ತಪ್ಪಿ, ಅವಳು ಕಾಡಿಗೆ ಹೋಗುವುದನ್ನೇ ಬಿಟ್ಟಿದ್ದು ಎಲ್ಲರಿಗೂ ಗೊತ್ತಿತ್ತು. ಅವಳಿಗಾಗಿ ಅವನು ಪ್ರತಿ ಚಾಕುವನ್ನೂ ಬರೀ ಎಡಗೈಯಲ್ಲೇ ಪರೀಕ್ಷಿಸುತ್ತಿದ್ದಾನೆಂದು ನಮಗೆ ಹೊಳೆಯಲು ತಡವಾಯಿತು. ಈ ಶರತ್ಕಾಲದಲ್ಲಿ ಕೊನೆಗೂ ಒಂದನ್ನು ಒಯ್ದ. ಬೇಟೆಯ ಬಿಡಾರದಲ್ಲಿ ಲೆಂಪಿ ಆ ಚಾಕು ಹಿಡಿದು ಎಡಗೈಯಿಂದ ನಿಧಾನವಾಗಿ ಸಾಸೇಜು ಕೊಯ್ದು, ಮೊದಲ ತುಂಡನ್ನು ಅವನತ್ತ ಚಾಚಿ, "ತಗೊ, ನಾಳೆ ಕಾಡಿಗೆ ನಾನೂ ಬರ್ತೀನಿ" ಎಂದಳು.