ಹಿಮ ತಟ್ಟಿ ನೋಡುವ ಇಜಾಬೆಲ್

ನವೆಂಬರ್‌ನ ಒಂದು ಶನಿವಾರ, ಈಗಷ್ಟೇ ಬೆಳಕು ಹರಿಯುತ್ತಿದೆ. ಲಂಡನ್ನಿನ ಇಲ್ಫರ್ಡಿನ ಚರ್ಚ್ ಹಾಲ್‌ನಲ್ಲಿ ಹೀಟರ್ ಇನ್ನೂ ಬಿಸಿಯಾಗಿಲ್ಲ. ಇಜಾಬೆಲ್ ಮಥಾಯಸ್ ಕೋಟು ತೆಗೆಯದೆಯೇ ಹಲಗೆಯೊಂದರ ಮೇಲೆ ಮೈದಾ ಒತ್ತಿ, ಮೇಲೆ ಸಕ್ಕರೆ ಹರಡಿ, ಮತ್ತೆ ಮೈದಾ ಒತ್ತುತ್ತಾರೆ. ಹಿಮದ ಬೆಟ್ಟ ಹತ್ತುವವರ ತರಗತಿಗೆ ಜನ ಬರುವ ಮೊದಲು ಒಮ್ಮೆ ಮಾಡಿ ನೋಡಬೇಕು. ಹಲಗೆಯ ತುದಿಯನ್ನು ಮೆಲ್ಲಗೆ ಎತ್ತುತ್ತಾರೆ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಮೇಲಿನ ಮೈದಾ ಇಡೀ ಚಪ್ಪಡಿಯಂತೆ ಜಾರಿ ಮೇಜಿಗೆ ಬೀಳುತ್ತದೆ.

"ಹಿಮವೂ ಹೀಗೆಯೇ. ಮೇಲೆ ಗಟ್ಟಿ ಉಂಟು, ಕಾಣ್ಲಿಕ್ಕೆ ಚಂದ. ಒಳಗೊಂದು ಪದರ ಸಕ್ಕರೆ ಹಾಗೆ ಉದುರು. ಅಗೆಯದೆ ಗೊತ್ತಾಗುವುದಿಲ್ಲ ಮಾರಾಯ್ರೆ," ಎಂದು ನನಗೆ ಹೇಳುತ್ತಾರೆ.

ಉಡುಪಿ ಹತ್ತಿರದ ಶಿರ್ವದ ಇಜಾಬೆಲ್ ಮದುವೆಯಾಗಿ ಲಂಡನ್‌ಗೆ ಬಂದಾಗ ಹಿಮವನ್ನು ಫ್ರಿಜ್‌ನಲ್ಲಿ ಮಾತ್ರ ಕಂಡಿದ್ದರು. ಶಾಲಾ ಮಕ್ಕಳ ಚಳಿಗಾಲದ ಶಿಬಿರಕ್ಕೆ ಅಡುಗೆಯವರಾಗಿ ಸ್ಕಾಟ್ಲೆಂಡಿಗೆ ಹೋದವರು, ಬಿಡುವಾದಾಗಲೆಲ್ಲ ಮಾರ್ಗದರ್ಶಕರ ಹಿಂದೆ ಬೆಟ್ಟ ಹತ್ತಿದರು. ಮಾರ್ಗದರ್ಶಕರ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿ, ಮತ್ತೆ ಕುಳಿತು ಪಾಸಾದರು. ಈಗ, 2003ರಲ್ಲಿ, ಲಂಡನ್ನಿನ ಚಾರಣ ಕ್ಲಬ್ಬುಗಳನ್ನು ಆ ಬೆಟ್ಟಗಳಿಗೆ ಕರೆದೊಯ್ಯುವುದೇ ಅವರ ಉದ್ಯೋಗ. ಡಿಸೆಂಬರ್‌ನಿಂದ ಚಳಿಗಾಲವಿಡೀ ಶುಕ್ರವಾರ ಬಂತೆಂದರೆ ಯೂಸ್ಟನ್ ನಿಲ್ದಾಣದಿಂದ ಸ್ಕಾಟ್ಲೆಂಡಿನ ರೈಲು. ಇಳಿಜಾರಿಗೆ ಯಾರೂ ಕಾಲಿಡುವ ಮೊದಲು ಗುಂಡಿ ತೋಡಿ, ಹಿಮದ ಕಂಬವೊಂದನ್ನು ಸುತ್ತಲಿಂದ ಬಿಡಿಸಿ, ಅದರ ತಲೆಯ ಮೇಲೆ ಸಲಿಕೆಯಿಟ್ಟು ಕೈಯಿಂದ ತಟ್ಟುತ್ತಾರೆ. ಕಂಬ ಬೇಗ ಕಳಚಿದರೆ ಹಿಮಕುಸಿತದ ಭಯವಿದೆ, ಹಿಂದಿರುಗಬೇಕು ಎಂದರ್ಥ.

1998ರ ಫೆಬ್ರುವರಿಯಲ್ಲಿ ಹಾಗೇ ಆಯಿತು. ಶಿಖರ ಕಣ್ಣೆದುರೇ ಇತ್ತು, ಆಕಾಶ ತಿಳಿಯಾಗಿತ್ತು. ಇಜಾಬೆಲ್ ತಮ್ಮೊಂದಿಗೆ ಬಂದ ಕ್ಲಬ್ಬಿನವರೆಲ್ಲರನ್ನೂ ಕೆಳಗಿಳಿಸಿದರು. ಅವರಲ್ಲೊಬ್ಬರು, ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ನೆಲೆಸಿರುವ ಧಾರವಾಡದ ಡಾಕ್ಟರ್ ಜಗನ್ನಾಥ, ಬಹಳ ಕಷ್ಟಪಟ್ಟು ರಜೆ ಪಡೆದು ಬಂದಿದ್ದರು. ಅದೇ ದಿನ ಇನ್ನೊಂದು ತಂಡ ಅದೇ ಇಳಿಜಾರು ಹತ್ತಿ, ನಗುನಗುತ್ತಾ ಇಳಿದು ಬಂತು. ವಾಪಸು ರೈಲಿನಲ್ಲಿ ಇಜಾಬೆಲ್ ಜೊತೆ ಯಾರೂ ಮಾತಾಡಲಿಲ್ಲ. ಮುಂದಿನ ಎರಡು ಚಳಿಗಾಲ ಆ ಕ್ಲಬ್ ಅವರನ್ನು ಕರೆಯಲೇ ಇಲ್ಲ. ಮತ್ತೆ ಅಡುಗೆ ಕೆಲಸಕ್ಕೇ ಹೋಗಬಾರದೇ ಎಂದು ಗಂಡ ಬೊನಿಫಾಸ್ ಮೆತ್ತಗೆ ಕೇಳಿದ್ದೂ ಉಂಟು.

"ಅತ್ತಿದ್ದೇನೆ," ಎಂದು ಇಜಾಬೆಲ್ ಒಪ್ಪಿಕೊಳ್ಳುತ್ತಾರೆ. "ಆದರೆ ಮೆಲ್ಲ ತಟ್ಟಿದ್ದಕ್ಕೇ ಕಂಬ ಜಾರಿತ್ತು. ನೋಡಿದ್ದನ್ನು ನೋಡಿಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ?"

ಹೋದ ವರ್ಷ ಇದೇ ಹಾಲ್‌ನ ಬಾಗಿಲಲ್ಲಿ ಜಗನ್ನಾಥ ಬಂದು ನಿಂತರು. ಪಕ್ಕದಲ್ಲಿ ಮಗಳು ಮಾಳವಿಕಾ. ಯೂನಿವರ್ಸಿಟಿಯ ಗೆಳೆಯರೊಂದಿಗೆ ಹಿಮದ ಬೆಟ್ಟ ಹತ್ತಲು ಹೊರಟಿದ್ದವಳು.

"ಅವತ್ತ ಆ ಇನ್ನೊಂದು ತಂಡಕ್ಕ ಏನೂ ಆಗ್ಲಿಲ್ಲಂತ ಸಿಟ್ಟು ಬಂದಿತ್ರಿ," ಎಂದರು ಡಾಕ್ಟರ್. "ಈಗ ಮಗಳು ಹೊಂಟಾಳ. ನಿಮ್ಮಂಗ ವಾಪಸ್ ಬರೂದು ಕಲಸ್ರಿ ಆಕಿಗೆ."

ಇಜಾಬೆಲ್ ಕುರ್ಚಿಯೊಂದನ್ನು ಎಳೆದು ಹುಡುಗಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಮಾಳವಿಕಾ ಆ ಚಳಿಗಾಲವೆಲ್ಲ ಅವರ ಪಕ್ಕದಲ್ಲೇ ನಿಂತು ಗುಂಡಿ ತೋಡಿದಳು.

ಆ ಫೆಬ್ರುವರಿಯಲ್ಲಿ ಮುಂದೆ ಹೋಗಿದ್ದರೆ ಹಿಮ ಕುಸಿಯುತ್ತಿತ್ತೇ ಎಂದು ಕೇಳುತ್ತೇನೆ. ಅವರು ಮೇಜಿಗೆ ಬಿದ್ದ ಮೈದಾವನ್ನು ಅಂಗೈಯಿಂದ ಒಟ್ಟುಗೂಡಿಸುತ್ತಾರೆ.

"ಅದು ನನಗೆ ಯಾವತ್ತೂ ಗೊತ್ತಾಗುವುದಿಲ್ಲ. ನನ್ನೊಟ್ಟಿಗೆ ಬಂದವರೆಲ್ಲ ಸೋಮವಾರ ಕೆಲಸಕ್ಕೆ ಹೋಗಿದ್ದಾರೆ. ಅದು ಗೊತ್ತುಂಟು."