ಬಿ ಸೈಡಿನ ಕೊನೆಯ ಹಾಡು

ಮುಂಬಯಿಯ ಮುಲುಂಡ್ ಸ್ಟೇಷನ್ನಿನ ಪಶ್ಚಿಮ ಬದಿಯ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ದೂಜ ಪೂಜಾರಿಯವರು ಕೂರುತ್ತಾರೆ. ಗಿರಾಕಿಗಳಿಗೆಲ್ಲ ಅವರು ದೂಜಣ್ಣ. ತಲೆಯ ಹಿಂದೆ ದೇವರ ಪಟ, ಅದರ ಪಕ್ಕದಲ್ಲಿ ಉದ್ದ ಕೂದಲಿನ ನಾಲ್ವರು ಇಂಗ್ಲಿಷ್ ಹುಡುಗರ ಫೋಟೊ ಇತ್ತು. ಬೆಳಿಗ್ಗೆ ಹಚ್ಚುವ ಊದುಬತ್ತಿಯ ಹೊಗೆ ಎರಡಕ್ಕೂ ತಲುಪುತ್ತಿತ್ತು. ಇವರು ಯಾರೆಂದು ಹೊಸಬರು ಕೇಳಿದರೆ, "ನಮ್ಮವರೇ" ಎನ್ನುತ್ತಿದ್ದರು.

ಆ ನಾಲ್ವರ ಬ್ಯಾಂಡಿನ ಹೆಸರು ಗ್ರೇ ಹಾರ್ಬರ್. ಅವರ ಮೊದಲ ಆಲ್ಬಮ್ಮಿಗೆ ಈಗ ಐವತ್ತು ವರ್ಷ ದಾಟಿದೆ. ದೂಜಣ್ಣನಿಗೆ ಹಾಡುಗಳ ಅರ್ಥ ಅಷ್ಟಾಗಿ ಗೊತ್ತಿಲ್ಲ, ಆದರೆ ಡ್ರಮ್ಮಿನ ಪೆಟ್ಟು ಎಲ್ಲೆಲ್ಲಿ ಬೀಳುತ್ತದೆಂದು ಗೊತ್ತು. ಫೋರ್ಟ್ ಪ್ರದೇಶದ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿದ್ದಾಗ ತಾವೇ ತುಂಬಿಸಿಕೊಂಡ, ಆ ಆಲ್ಬಮ್ಮಿನ ಒಂದು ಕ್ಯಾಸೆಟ್ ಅವರಲ್ಲಿದೆ. ರಜೆಯ ದಿನ ಊಟವಾದ ಮೇಲೆ ಅದನ್ನು ಕೇಳುತ್ತಿದ್ದರು. ಅದರ ಬಗ್ಗೆ ಅವರದೊಂದು ಸಿದ್ಧಾಂತವೂ ಇತ್ತು.

"ದೋಸೆ ಕಲ್ಲು ಕಾದ ಹಾಗೆ ಮಾರಾಯ್ರೆ. ಮೊದಲನೆಯದು ಮೆತ್ತಗೆ, ಕೊನೆಯದು ಗರಿಗರಿ. ಆ ಹುಡುಗರು ಒಂದೊಂದು ಹಾಡಿಗೂ ಸ್ವಲ್ಪ ಸ್ವಲ್ಪ ಮೇಲೆ ಹೋಗ್ತಾರೆ. ಬಿ ಸೈಡಿನ ಕೊನೆಯ ಹಾಡಿಗೆ ಬರುವಾಗ ಕಲ್ಲು ಕೆಂಪು."

ಕಾಫಿ ಕುಡಿಯುತ್ತ ಇದನ್ನು ನಾನು ಹಲವು ಸಲ ಕೇಳಿದ್ದೇನೆ. ಒಳ್ಳೆಯ ಸಿದ್ಧಾಂತವೆಂದೇ ಅನ್ನಿಸಿತ್ತು.

ದೂಜಣ್ಣನ ಮಗಳು ಪ್ರಣೀತಾ ಮಲಾಡಿನ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಒಳ್ಳೆಯ ಕಂಠ. ಕಳೆದ ಚಳಿಗಾಲದಲ್ಲಿ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಅವರ ಕಟ್ಟಡದ ಹುಡುಗರು ಒಂದು ಬ್ಯಾಂಡ್ ಕಟ್ಟಿದಾಗ, ಅಪ್ಪನಿಗೆ ಖುಷಿಯಾಗಲಿ ಎಂದು ಅದೇ ಕೊನೆಯ ಹಾಡನ್ನು ಆರಿಸಿಕೊಂಡಳು. ಗಿಟಾರ್ ನುಡಿಸುವವನು ಮೇಲಿನ ಮಹಡಿಯ ಸಂದೀಪ. ಸೊಸೈಟಿಯ ಹಾಲಿನಲ್ಲಿ ಅಭ್ಯಾಸ ನಡೆಯುತ್ತಿತ್ತು. ಒಂದು ಸಂಜೆ ದೂಜಣ್ಣ ಬಾಗಿಲಲ್ಲಿ ಬಂದು ನಿಂತವರು ಕೈ ಎತ್ತಿದರು. (ಇವರೆಲ್ಲ ಆಡುವುದು ಹಿಂದಿ ಬೆರೆತ ತುಳು. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.)

"ನಿಲ್ಲಿಸಿ, ನಿಲ್ಲಿಸಿ. ಶ್ರುತಿ ಬಿದ್ದಿದೆ."

"ಅಂಕಲ್, ಫೋನಲ್ಲಿ ಹೀಗೇ ಇದೆ," ಎಂದ ಸಂದೀಪ.

ದೂಜಣ್ಣ ಫೋನು ಇಸಿದುಕೊಂಡು ಕನ್ನಡಕ ಏರಿಸಿದರು. "ಇಲ್ಲೇ ಬರೆದಿದ್ದಾರಲ್ಲ, ರಿಮಾಸ್ಟರ್ಡ್ ಅಂತ. ಅಂದ್ರೆ ಎಂತ? ಕೈ ಹಾಕಿದ್ದಾರೆ ಅಂತ. ಈಗಿನವರ ಗಂಟಲಿಗೆ ಬೇಕಾಗಿ ಇಳಿಸಿದ್ದಾರೆ. ನೀರು ಹಾಕಿದ ಸಾಂಬಾರು ಇದು. ಇರಿ, ಅಸಲಿ ತರ್ತೇನೆ."

ರಿಮಾಸ್ಟರ್ ಎಂದರೆ ಮೂಲ ಟೇಪಿನ ಧ್ವನಿಯನ್ನು ಶುಚಿ ಮಾಡಿ ಮತ್ತೆ ಹೊರತರುವುದು. ಶ್ರುತಿಗೆ ಸಾಧಾರಣವಾಗಿ ಯಾರೂ ಕೈ ಹಾಕುವುದಿಲ್ಲ. ಆದರೆ ಕ್ಯಾಸೆಟ್ಟು ಬಂತು, ಟೇಪ್ ರೆಕಾರ್ಡರ್ ಬಂತು, ಹಾಡು ಗಿಟಾರಿನ ಎರಡು ಫ್ರೆಟ್ಟಿನಷ್ಟು, ಅಂದರೆ ಒಂದು ಪೂರ್ತಿ ಸ್ವರದಷ್ಟು, ಮೇಲೆ ಕೇಳಿಸಿತು. ಹುಡುಗರು ಮುಖ ಮುಖ ನೋಡಿಕೊಂಡರು.

"ಪಪ್ಪಾ, ಯೇ ಬಹುತ್ ಊಂಚಾ ಹೈ. ಇಷ್ಟು ಮೇಲೆ ನನಗೆ ಆಗುದಿಲ್ಲ," ಎಂದಳು ಪ್ರಣೀತಾ.

"ಆಗ್ತದೆ. ಅವರಿಗೆ ಆಗಿದೆಯಲ್ಲ?"

ಆಗಲಿಲ್ಲ. ವೇದಿಕೆಯ ಮೇಲೆ, ಹಾಡಿನ ತುದಿಯ ಸ್ವರದಲ್ಲಿ ಅವಳ ಗಂಟಲು ಒಡೆಯಿತು. ಹಿಂದಿನ ಸಾಲಿನ ಹುಡುಗರು ಆ ಒಡೆದ ಸ್ವರವನ್ನೇ ಅನುಕರಿಸಿ ಕೂಗಿದರು. ಪ್ರಣೀತಾ ಹಾಡು ಪೂರ್ತಿ ಮುಗಿಸಿಯೇ ಇಳಿದಳು. ಪಕ್ಕದ ಕೋಣೆಯಲ್ಲಿ ಸಂಘದವರು ಚಹಾ ಕೊಟ್ಟು, ಪರವಾಗಿಲ್ಲಮ್ಮ, ಎಲ್ಲರಿಗೂ ಆಗುವುದೇ ಎನ್ನುತ್ತಿದ್ದಾಗ ದೂಜಣ್ಣ ಒಳಗೆ ಬಂದರು.

"ಅಸಲಿ ಹಾಡಿಗೆ ಅಸಲಿ ಗಂಟಲು ಬೇಕಾಗ್ತದೆ," ಎಂದರು, ಎಲ್ಲರಿಗೂ ಕೇಳುವಂತೆ. "ಇವಳಿಗೆ ಅದಿಲ್ಲ."

ಪ್ರಣೀತಾ ಚಹಾದ ಲೋಟವನ್ನು ಮೇಜಿನ ಮೇಲಿಟ್ಟಳು. ಮತ್ತೆ ಅವಳು ಅಭ್ಯಾಸಕ್ಕೆ ಹೋಗಲಿಲ್ಲ. ಮನೆಯಲ್ಲಿ ಗುನುಗುವುದನ್ನೂ ಬಿಟ್ಟಳು. "ಈಗ ಬಾತ್‌ರೂಮಿನಿಂದ ನೀರಿನ ಶಬ್ದ ಮಾತ್ರ ಬರ್ತದೆ," ಎಂದು ತಾಯಿ ನೀಲಾವತಿ ಒಮ್ಮೆ ಹೇಳಿದರು. ದೂಜಣ್ಣ ಪೇಪರ್ ಓದುತ್ತಿದ್ದರು.

ಮಳೆ ಶುರುವಾಗುವ ಹೊತ್ತಿಗೆ ಗ್ರೇ ಹಾರ್ಬರ್‌ನ ಆ ಆಲ್ಬಮ್ಮಿನ ಐವತ್ತನೆಯ ವರ್ಷದ ಆವೃತ್ತಿ ಬಂತು. ಸಂದೀಪ ತರಿಸಿಕೊಂಡ. ಪೆಟ್ಟಿಗೆಯಲ್ಲಿ ಹೊಸ ರಿಮಾಸ್ಟರಿನ ಡಿಸ್ಕಿನ ಜೊತೆಗೆ, ಮೂಲ ಟೇಪಿನಿಂದ ಏನೂ ತಿದ್ದದೆ ಹಾಗೇ ತೆಗೆದ ಇನ್ನೊಂದು ಡಿಸ್ಕೂ ಇತ್ತು. ಇದನ್ನು ಕೇಳಿದ್ದೇ ದೂಜಣ್ಣ ಕೋರ್ಟಿಗೆ ಹೊರಟವರ ಹಾಗೆ ಕ್ಯಾಸೆಟ್ಟು, ಟೇಪ್ ರೆಕಾರ್ಡರ್ ಎತ್ತಿಕೊಂಡು ಸಂದೀಪನ ಮನೆಗೆ ಹೊರಟರು.

"ಬಾ, ನೀನೂ ಕೇಳು," ಎಂದು ಮಗಳನ್ನು ಕರೆದರು.

"ನೀವು ಹೋಗಿ," ಎಂದಳು ಅವಳು.

ಮೊದಲು ರಿಮಾಸ್ಟರ್ ಹಾಕಿದರು. ಹಾಡಿಗೆ ಮೊದಲು ಯಾರೋ ಮೆಲ್ಲಗೆ ಎಣಿಸುವುದು ಕೇಳಿತು, ಕುರ್ಚಿ ಕಿರುಗುಟ್ಟಿದ್ದು ಕೇಳಿತು. ದೂಜಣ್ಣ ಕಣ್ಣು ಮುಚ್ಚಿ, "ಇಷ್ಟು ವರ್ಷ ಗೋಡೆಯ ಆಚೆಯಿಂದ ಕೇಳಿದ ಹಾಗಾಯ್ತಲ್ಲ ಮಾರಾಯ," ಎಂದರು. ಕೊನೆಯ ಹಾಡು ಬಂದಾಗ ಕಣ್ಣು ತೆರೆದರು. "ನೋಡು, ಇಳಿಸಿದ್ದಾರೆ. ಈಗ ಆ ತಿದ್ದದೇ ಇದ್ದದ್ದನ್ನು ಹಾಕು."

ತಿದ್ದದೇ ಇದ್ದದ್ದೂ ಅಲ್ಲೇ ಇತ್ತು, ಪ್ರಣೀತಾ ಮೊದಲು ಹಾಡುತ್ತಿದ್ದ ಶ್ರುತಿಯಲ್ಲೇ.

ಇನ್ನೊಮ್ಮೆ ಹಾಕಿಸಿದರು. ಆಮೇಲೆ ಕ್ಯಾಸೆಟ್ಟನ್ನೂ ಡಿಸ್ಕನ್ನೂ ಮೊದಲ ಹಾಡಿನಿಂದ ಒಂದಾದ ಮೇಲೊಂದು ನುಡಿಸಿ ಹೋಲಿಸಿದರು. ಮೊದಲ ಹಾಡು ಎರಡರಲ್ಲೂ ಬಹುತೇಕ ಒಂದೇ. ಮುಂದಿನದು ಕ್ಯಾಸೆಟ್ಟಿನಲ್ಲಿ ಕೂದಲೆಳೆಯಷ್ಟು ಮೇಲೆ. ಅದರ ಮುಂದಿನದು ಇನ್ನಷ್ಟು. ಡಿಸ್ಕಿನಲ್ಲಿ ಆ ಹುಡುಗರು ಎಲ್ಲೂ ದೋಸೆ ಕಲ್ಲಿನ ಹಾಗೆ ಕಾಯುತ್ತಿರಲಿಲ್ಲ, ಮೊದಲಿನಿಂದ ಕೊನೆಯವರೆಗೆ ಒಂದೇ ಹದ. ಸಂದೀಪ ಏನೋ ಹೇಳಲು ಹೊರಟ.

"ಮಾತಾಡಬೇಡ, ಸ್ವಲ್ಪ ಇರು," ಎಂದರು ದೂಜಣ್ಣ. ಅವರಿಗೆ ಟೇಪ್ ರೆಕಾರ್ಡರಿನ ಬ್ಯಾಟರಿ ಸೆಲ್ಲು ನೆನಪಾಗಿತ್ತು.

ಫೋರ್ಟಿನಲ್ಲಿ ಭಾನುವಾರ ಆಫೀಸುಗಳಿಲ್ಲ, ಹಾಗಾಗಿ ಹೋಟೆಲಿಗೂ ರಜೆ. ಮಾಲೀಕರು ಮೇನ್ ಸ್ವಿಚ್ ತೆಗೆದು ಹೋಗುತ್ತಿದ್ದರು. ಒಳಗೇ ಮಲಗುವ ಕೆಲಸದವರಿಗೆ ಆ ದಿನ ಕರೆಂಟಿಲ್ಲ. ದಿನಾ ಊಟಕ್ಕೆ ಬರುತ್ತಿದ್ದ ಬ್ಯಾಂಕ್ ನೌಕರರೊಬ್ಬರು ಆ ಆಲ್ಬಮ್ಮಿನ ತಮ್ಮ ಕ್ಯಾಸೆಟ್ಟನ್ನು ಒಂದು ಭಾನುವಾರದ ಮಟ್ಟಿಗೆ ಕೊಟ್ಟಿದ್ದರು. ಅಡುಗೆಯವನ ಟೇಪ್ ರೆಕಾರ್ಡರಿನಲ್ಲಿ ಅದನ್ನು ಹಾಡಿಸಿ, ಎದುರಿಗೆ ತಮ್ಮ ಟೇಪ್ ರೆಕಾರ್ಡರ್ ಇಟ್ಟು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಳ್ಳಬೇಕು. ಹೊಸ ಸೆಲ್ಲು ಒಂದಕ್ಕೆ ಸಾಕಾಗುವಷ್ಟೇ ಇತ್ತು. ಹಾಡುವ ಮೆಷಿನ್ನಿಗೆ ಶಕ್ತಿ ಬೇಕು, ಕೇಳುವ ಮೆಷಿನ್ನಿಗೆ ಎಂತಕ್ಕೆ ಎಂದುಕೊಂಡ ದೂಜಣ್ಣ, ಹೊಸ ಸೆಲ್ಲನ್ನು ಅಡುಗೆಯವನದಕ್ಕೆ ಹಾಕಿದರು. ಸತ್ತ ಸೆಲ್ಲುಗಳನ್ನು, ಕೆಲಸದವರ ತಿಂಡಿಯಾದ ಮೇಲೆ ಆರುತ್ತಿದ್ದ ದೋಸೆ ಕಲ್ಲಿನ ಅಂಚಿಗಿಟ್ಟು ಬೆಚ್ಚಗೆ ಮಾಡಿ ತಮ್ಮದಕ್ಕೆ ತುರುಕಿದರು. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು, ಸೆಲ್ಲು ಸ್ವಲ್ಪ ಹೊತ್ತು ಬದುಕುತ್ತಿತ್ತು.

ಸ್ವಲ್ಪ ಹೊತ್ತು ಮಾತ್ರ. ಆಮೇಲೆ ತುಂಬಿಸಿಕೊಳ್ಳುವ ಟೇಪು ಹಾಡಿನಿಂದ ಹಾಡಿಗೆ ನಿಧಾನವಾಗುತ್ತ ಹೋಗಿದೆ. ನಿಧಾನವಾಗಿ ತುಂಬಿಸಿದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಹಾಡು ಓಡುತ್ತದೆ, ಶ್ರುತಿಯೂ ಏರುತ್ತದೆ. ಬಿ ಸೈಡಿನ ಕೊನೆಗೆ ಕೆಂಪಾಗಿದ್ದದ್ದು ಕಲ್ಲಲ್ಲ, ಅಲ್ಲಿ ಸೆಲ್ಲು ಸಾಯುತ್ತಿತ್ತು.

ಮನೆಗೆ ಬಂದು ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೆಂಡತಿಗೆ ಹೇಳಿದರು. ನೀಲಾವತಿಯವರು ಒಗ್ಗರಣೆ ಹಾಕುತ್ತಲೇ ಕೇಳಿದರು.

"ನನ್ನ ಹತ್ರ ಎಂತಕ್ಕೆ ಹೇಳುದು? ನಾನಾ ಹಾಡಿದ್ದು?"

"ಅವಳಿಗೆ ನೀನೇ ಹೇಳು."

"ಗಂಟಲಿಲ್ಲ ಅಂತ ಹೇಳುವಾಗ ನನ್ನ ಕೈಲಿ ಹೇಳಿಸಿದ್ರಾ?"

ಎರಡು ವಾರ ಅವರು ಮಗಳ ಮುಖ ನೋಡಿ ಮಾತಾಡಲಿಲ್ಲ. ಗಲ್ಲಾದಲ್ಲಿ ಚಿಲ್ಲರೆ ತಪ್ಪುತ್ತಿತ್ತು. ಗೋಡೆಯ ಮೇಲಿನ ನಾಲ್ವರ ಫೋಟೊ ಇಳಿಯಿತು. "ನಿಮ್ಮವರು ಎಲ್ಲಿ ಹೋದ್ರು?" ಎಂದು ನಾನು ತಮಾಷೆಗೆ ಕೇಳಿದೆ. ಕಾಫಿಯ ದುಡ್ಡು ತೆಗೆದುಕೊಳ್ಳದೆ ಇಷ್ಟನ್ನೂ ಹೇಳಿದರು. ಸಮಾಧಾನ ಹೇಳಬೇಕೆಂದು ಬಾಯಿ ತೆರೆದೆ. "ಬೇಡ," ಎಂದರು. "ನೀವು ಪರವಾಗಿಲ್ಲ ಅಂದ್ರೆ ನಾನು ಅಷ್ಟಕ್ಕೇ ಬಿಟ್ಟುಬಿಡ್ತೇನೆ."

ಆ ಭಾನುವಾರ, ಸೊಸೈಟಿಯ ಹಾಲಿಗೆ ಬಾ ಎಂದು ಮಗಳಿಗೆ ಹೇಳಿದರು. ಯಾಕೆಂದು ಹೇಳಲಿಲ್ಲ. ಅವಳು ಬಂದು ಬಾಗಿಲ ಹತ್ತಿರ ನಿಂತಳು. ಬ್ಯಾಂಡಿನ ಹುಡುಗರಿದ್ದರು, ಅಂದು ಚಹಾ ಕೊಟ್ಟ ಸಂಘದ ಇಬ್ಬರನ್ನೂ ದೂಜಣ್ಣ ಕರೆಸಿದ್ದರು. ಕ್ಯಾಸೆಟ್ಟು ಹಾಕಿದರು, ಡಿಸ್ಕು ಹಾಕಿಸಿದರು. ದೋಸೆ ಕಲ್ಲು, ಸೆಲ್ಲು ಎಲ್ಲ ಹೇಳಿದರು. ಹುಡುಗರು ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡರು. ನಗು ಮುಗಿಯುವವರೆಗೆ ಅವರು ನಿಂತೇ ಇದ್ದರು.

"ಇವಳ ಗಂಟಲು ಸರಿ ಇತ್ತು," ಎಂದರು. "ನನ್ನ ಸೆಲ್ಲು ವೀಕ್ ಇತ್ತು. ಅವತ್ತು ಹೇಳಿದ್ದನ್ನು ನಾನು ಹೇಳಬಾರದಿತ್ತು."

ಹಿಂದಿರುಗುವಾಗ ಮೆಟ್ಟಿಲಲ್ಲಿ ಪ್ರಣೀತಾ ಕೇಳಿದಳು, "ಪಪ್ಪಾ, ಸಚ್ಚಿ? ಸೆಲ್ಲು ದೋಸೆ ಕಲ್ಲಿನ ಮೇಲೆ?"

"ಹ್ಞೂಂ."

"ಫಟ್ ಅಂತ ಒಡೆದಿದ್ರೆ?"

"ಕ್ಯಾಸೆಟ್ಟೇ ಇರ್ತಿರಲಿಲ್ಲ."

"ಅಚ್ಛಾ ಹೀ ಹೋತಾ, ಒಳ್ಳೆಯದೇ ಆಗ್ತಿತ್ತು," ಎಂದು ಅವಳು ನಕ್ಕಳು. ಅವರಿಗೆ ನಗು ಬರಲಿಲ್ಲ. ಒಂದು ಮಹಡಿ ಹತ್ತಿದ ಮೇಲೆ ಅವಳೇ ಹೇಳಿದಳು, "ಫೋನಿನ ಶ್ರುತಿಯೇ ಸರಿ ಅಂತ ನನಗೆ ಆಗಲೇ ಗೊತ್ತಿತ್ತು. ನೆಟ್ಟಲ್ಲಿ ಹಳೇ ಲೈವ್ ವಿಡಿಯೊ ನೋಡಿದ್ದೆ. ಅದೂ ಅಲ್ಲೇ ಇತ್ತು."

ದೂಜಣ್ಣ ನಿಂತರು. "ಮತ್ತೆ ಯಾಕೆ ಹಾಡಿದೆ?"

"ನೀವು ಹುಡುಗರ ಎದುರು ಅಷ್ಟು ಜೋರಾಗಿ ಹೇಳಿದ್ರಲ್ಲ. ತಪ್ಪು ಅಂದ್ರೆ ನಿಮ್ಮ ಮರ್ಯಾದೆ ಹೋಗ್ತಿತ್ತು."

ಮುಂದಿನ ವಾರ ಪ್ರಣೀತಾ ಅಭ್ಯಾಸಕ್ಕೆ ಹೋದಳೆಂದು ನನಗೆ ಹೇಳಿದ್ದು ಸಂದೀಪ. ಕಾಫಿ ಮುಗಿಸಿ ದುಡ್ಡು ಕೊಡಲು ಬಂದವನು ಗಲ್ಲಾದ ಮುಂದೆಯೂ ಅದನ್ನೇ ಹೇಳಿದ, ಅದೇ ಹಾಡನ್ನು ಮತ್ತೆ ತೆಗೆದುಕೊಂಡಿದ್ದೇವೆ ಎಂದ. ದೂಜಣ್ಣ ಚಿಲ್ಲರೆ ಕೊಟ್ಟರು. ಯಾವ ಶ್ರುತಿಯಲ್ಲಿ ಎಂದು ಕೇಳಲಿಲ್ಲ.