ಗಂಗಕ್ಕನ ಹಸುವಿನ ಹಾಲು

ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಆದರೆ ಇದು ನಡೆದದ್ದು ನನಗೇ, ವಸಂತನರಸಾಪುರದ ನಮ್ಮ ಲ್ಯಾಬಿನಲ್ಲೇ.

ಹಸುವಿಗೆ ಕೊಟ್ಟ ಪೆನ್ಸಿಲಿನ್‌ನಂಥ ಔಷಧಿ ಹಾಲಿನಲ್ಲಿ ಉಳಿದಿದೆಯೇ ಎಂದು ನೋಡುವುದು ನನ್ನ ಕೆಲಸ. ಪರೀಕ್ಷೆಯ ಪಟ್ಟಿ ಅದ್ದಿದರೆ ಶುದ್ಧ ಹಾಲಿನಲ್ಲಿ ಎರಡು ಕೆಂಪು ಗೆರೆ ಮೂಡುತ್ತವೆ. ಔಷಧಿ ಇದ್ದರೆ ಒಂದೇ. ಪಟ್ಟಿ ಸರಿಯಿದೆಯೇ ಎಂದು ತಿಳಿಯಲು ಮೊದಲು ಇಂಜೆಕ್ಷನ್ನೇ ಕಾಣದ ಹಸುವಿನ ಹಾಲಿಗೆ ಅದ್ದುತ್ತೇವೆ. ಗುಬ್ಬಿ ಹತ್ತಿರದ ಗಂಗಕ್ಕನ ಹಸು ಅಂಥದ್ದು. ಡ್ರೈವರ್ ರಂಗಸ್ವಾಮಿ ದಿನಾ ಸಂಜೆ ಕ್ಯಾನನ್ನು ಬಾಗಿಲ ಬಳಿ ಇಟ್ಟು ಹೋಗುತ್ತಾನೆ.

ಮಿಕ್ಕ ಹಾಲು ನನ್ನ ಮಗಳಿಗೆ. ಪೆನ್ಸಿಲಿನ್ ಆಗದ ಮಗು. ಒಮ್ಮೆ ಉಸಿರು ಕಟ್ಟಿ ಆಸ್ಪತ್ರೆ ಸೇರಿದ್ದಳು. ಬೇರೆ ಹಾಲನ್ನು ನಾನು ನಂಬುವುದಿಲ್ಲ.

ಅಂದೂ ಬಾಗಿಲ ಬಳಿ ಕ್ಯಾನ್ ಇತ್ತು. ನನ್ನ ಗಂಡ ಕೆಲಸ ಮುಗಿಸಿ ಬಟವಾಡಿಯ ನಮ್ಮ ಮನೆಗೆ ಹೋಗುವಾಗ ಲ್ಯಾಬಿಗೆ ಬಂದು ಮಗಳ ಪಾಲನ್ನು ಒಯ್ದರು. ಆಮೇಲೆ ನಾನು ಪಟ್ಟಿ ಅದ್ದಿದೆ.

ಒಂದೇ ಗೆರೆ...

ಇನ್ನೊಂದು ಪಟ್ಟಿ. ಮತ್ತೆ ಒಂದೇ. ಹೊಸ ಡಬ್ಬಿ ತೆರೆದೆ... ಒಂದೇ. ಫ್ರಿಜ್ಜಿನ ಗುಂಯ್ ಬಿಟ್ಟರೆ ಸದ್ದಿಲ್ಲ. ಸ್ಪಿರಿಟ್ ನಾತದ ಆ ಕೋಣೆಯಲ್ಲಿ ಎಲ್ಲಿಂದಲೋ ಕೊಟ್ಟಿಗೆಯ ವಾಸನೆ ಬರತೊಡಗಿತು.

ರಂಗಸ್ವಾಮಿಯದೇ ಕೈವಾಡ! ದಾರಿಯಲ್ಲಿ ಯಾರದೋ ಹಾಲು ತುಂಬಿಸಿದ್ದಾನೆ. ಮೈಯೆಲ್ಲ ಉರಿದು ಫೋನ್ ಮಾಡಿದೆ.

“ಯಾರ್ ಮನೆ ಹಾಲಪ್ಪಾ ತಂದಿಟ್ಟಿದ್ದು?”

“ಹಾಲಾ? ಗಾಡಿ ಕೆಟ್ಟು ಬೆಳಿಗ್ಗೆಯಿಂದ ಕುಣಿಗಲ್‌ನಾಗೇ ಇದೀನಿ ಮೇಡಂ...” ಅವನ ದನಿ ತಗ್ಗಿತು. “ಗಂಗಕ್ಕನ ಹಸ ಮಧ್ಯಾಹ್ನನೇ ಸತ್ತೋಯ್ತಂತೆ. ಜ್ವರ ಬಂದಿತ್ತಂತೆ. ಇಂಜೆಕ್ಷನ್ ಹಾಕ್ಸಿದ್ರೂ ಉಳೀಲಿಲ್ಲ.”

ಇಂಜೆಕ್ಷನ್! ಮನೆಗೆ ಫೋನ್ ಮಾಡಿದೆ. ರಿಂಗಾಯಿತು... ಎತ್ತಲಿಲ್ಲ. ಮತ್ತೆ ಮಾಡಿದೆ.

“ರೀ, ಆ ಹಾಲು ಮಗೂಗೆ ಕೊಟ್ರಾ?”

“ಇಲ್ಲ ಕಣೇ. ಕಾಯೋಕಿಟ್ಟೆ, ಒಡೆದೋಯ್ತು. ಚೆಲ್ಬಿಟ್ಟೆ. ಗಂಜಿ ಕುಡಿದು ಮಲಗವ್ಳೆ. ಯಾಕೆ, ಏನಾಯ್ತು?”

ಅಲ್ಲೇ ಕುಸಿದು ಕೂತು ಅತ್ತೆ.

ಅಳು ನಿಂತ ಮೇಲೆ ಹಾಳು ಅನುಮಾನ ಸುಮ್ಮನಿರಲಿಲ್ಲ. ಅದೇ ಕ್ಯಾನಿನಲ್ಲಿ ಉಳಿದಿದ್ದ ಹಾಲನ್ನು ಬಿಸಿಗಿಟ್ಟೆ. ಕಾಯಿತು, ಕೆನೆಗಟ್ಟಿತು, ಉಕ್ಕಿತು... ಒಡೆಯಲಿಲ್ಲ.

ರಂಗಸ್ವಾಮಿ ಸುಳ್ಳು ಹೇಳಿದನೆಂದೇ ಈಗಲೂ ವಾದಿಸುತ್ತೇನೆ. ಪಾಪ, ಅವನಿಗೆ ಬೇಸರ. ಆದರೆ ಅವನು ತಂದಿಲ್ಲವೆಂದು ಒಪ್ಪಿಕೊಂಡರೆ, ಆ ಸಂಜೆ ನಮ್ಮ ಬಾಗಿಲ ತನಕ ಬಂದದ್ದು ಯಾರು ಎಂದು ಯೋಚಿಸಬೇಕಾಗುತ್ತದೆ. ಅಷ್ಟು ಧೈರ್ಯ ನನಗಿಲ್ಲ.